ಮೂತಿ ಲಾರಿಯ ಹ್ಯಾಂಡ್‌ಬ್ರೇಕ್

ಈಗಲೂ ಯಾರಾದರೂ ಭಾಷಣದಲ್ಲಿ ‘ಶಿಕ್ಷಣಕ್ಕೆ ಒತ್ತು ಕೊಡಬೇಕು’ ಎಂದರೆ ನನ್ನ ಎರಡೂ ಕಾಲು ತಾವಾಗಿಯೇ ನೆಲ ಬಿಟ್ಟು ಮೇಲೇಳುತ್ತವೆ. ಪಕ್ಕದಲ್ಲಿ ಕೂತವರು ಇರುವೆ ಕಚ್ಚಿತೇನೋ ಎಂದು ಬಗ್ಗಿ ನೋಡುತ್ತಾರೆ. ಇರುವೆಯಲ್ಲ, ಲಾರಿ.

ರಿಪ್ಪನ್‌ಪೇಟೆ ಹತ್ತಿರದ ಮಾವನ ಜಮೀನಿನಲ್ಲಿ ಗಾಳಿಗೆ ಹಲಸಿನ ಮರವೊಂದು ಬಿದ್ದಿತ್ತು. ನಾವು ಸಾಗರದಲ್ಲಿ ಕಟ್ಟಿಸುತ್ತಿದ್ದ ಮನೆಯ ಹೆಬ್ಬಾಗಿಲು ಅದರಿಂದಲೇ ಆಗಬೇಕೆಂದು ಮಾವ ತೀರ್ಮಾನಿಸಿದರು. ಬುಡ ಟೊಳ್ಳು, ಮೇಲೆಲ್ಲ ಕವಲು. ನಡುವೆ ಸಿಕ್ಕ ಗಟ್ಟಿ ದಿಮ್ಮಿ ಬಾಗಿಲಿನ ಎತ್ತರಕ್ಕೆ ಸರಿಹೋಯಿತು, ಒಂದು ಗೇಣೂ ಹೆಚ್ಚಿಲ್ಲ. ಮರ ಕೊಯ್ಯುವ ಮಿಲ್ಲಿನವರು ತುದಿ ಕದಿಯುತ್ತಾರೆಂಬುದು ಮಾವನ ಬಲವಾದ ನಂಬಿಕೆ. ಹಾಗಾಗಿ ದಿಮ್ಮಿಗೆ ಕಾವಲಾಗಿ ಅವರು, ಅವರಿಗೆ ಕಾವಲಾಗಿ ನಾನು ಹೊರಟೆವು.

ಬಂದದ್ದು ಮೂತಿ ಲಾರಿ. ಎಂಜಿನ್ನನ್ನು ಹಂದಿಮೂತಿಯಂತೆ ಮುಂದಕ್ಕೆ ಚಾಚಿಕೊಂಡ ಆ ಹಳೆಯ ಲಾರಿಗಳು ತೀರ್ಥಹಳ್ಳಿ, ಹೊಸನಗರದ ಕಡೆ ಈಗ ಅಪರೂಪ. ಡ್ರೈವರಣ್ಣ ಕಾಡಿನ ನಾಟಾ ದಿಮ್ಮಿ ಸಾಗಿಸಿದ ಕಾಲದಿಂದಲೂ ಅದೇ ಸ್ಟೇರಿಂಗ್ ಹಿಡಿದವರು. ಎಂಜಿನ್ನಿನ ಸದ್ದನ್ನು ಮೀರಿ ಮಾತಾಡಿ ರೂಢಿಯಾಗಿ, ಎದುರು ಕೂತು ಚಹಾ ಕುಡಿಯುವವನಿಗೂ ಗುಡ್ಡದಾಚೆ ಇರುವವನಿಗೆ ಹೇಳುವಂತೆ ಹೇಳುತ್ತಿದ್ದರು. ಈಗ ಅವರ ಪಾಲಿಗೆ ಅಕೇಶಿಯಾ ಮಾತ್ರ ಉಳಿದಿತ್ತು. ಆ ಲೋಡಿನ ಮೇಲೆ ನಮ್ಮ ದಿಮ್ಮಿಯನ್ನು ಮದುಮಗನಂತೆ ಕೂರಿಸಿದರು. ನನ್ನ ಕಡೆಯ ಬಾಗಿಲನ್ನು ಕ್ಲೀನರ್ ಹೊರಗಿನಿಂದ ಹಗ್ಗದಲ್ಲಿ ಬಿಗಿದ.

ಹ್ಯಾಂಡ್‌ಬ್ರೇಕ್ ಇರಬೇಕಾದಲ್ಲಿ ಎಲೆಅಡಿಕೆಯ ಚೀಲ ತೂಗುತ್ತಿತ್ತು. ನಾನು ಡ್ರೈವರಣ್ಣನನ್ನು ವಿಚಾರಿಸಿದೆ.

“ಹ್ಯಾಂಡ್‌ಬ್ರೇಕಾ? ಹಿಂದೆ ಲೋಡ್ ಮೇಲೆ ಕೂತದ್ಯಲ್ಲ, ಬೀಡಿ ಸೇದ್ತಾ.”

ಕ್ಲೀನರೇ ಹ್ಯಾಂಡ್‌ಬ್ರೇಕ್. ಏರಿನಲ್ಲಿ ಲಾರಿ ನಿಂತರೆ ಡ್ರೈವರ್ ‘ಒತ್ತು’ ಎಂದು ಕೂಗಬೇಕು. ಇವನು ಹಾರಿ ಬಂದು ಹಿಂದಿನ ಚಕ್ರದ ಬೆನ್ನಿಗೆ ಮರದ ತುಂಡೊಂದನ್ನು ಕೊಡಬೇಕು. ಆ ತುಂಡಿನ ಹೆಸರೇ ಒತ್ತು. ಘಟ್ಟಗಳನ್ನು ಹತ್ತಿ ಹತ್ತಿ ಅದು ಬಚ್ಚಲಿನ ಕೊನೆಯ ಸೋಪಿನ ಚೂರಿನಂತೆ ಸವೆದಿತ್ತು. ಈ ವಿವರಣೆ ನಡೆಯುವಾಗ ಮಾವ ಕೆಳಗೆ ನಿಂತು ದಿಮ್ಮಿಯ ಹಗ್ಗ ಜಗ್ಗಿ ನೋಡುತ್ತಿದ್ದರು. ಅವರಿಗೆ ಇದೊಂದೂ ಕೇಳಲಿಲ್ಲ.

ಆನಂದಪುರ ದಾಟಿದ ಮೇಲೆ ಒಂದು ಏರಿನಲ್ಲಿ ರೇಡಿಯೇಟರ್ ಕುದಿಯಿತು. ಡ್ರೈವರಣ್ಣ ಗೇರಿನಲ್ಲೇ ಎಂಜಿನ್ ಆರಿಸಿ, ಒತ್ತು ಕೊಡಿಸಿ, ಇಳಿದು ಬಾನೆಟ್ ಎತ್ತಿದರು. ಕ್ಲೀನರ್ ಕೊಡ ಹಿಡಿದು ರಸ್ತೆಬದಿಯ ಹಳ್ಳಕ್ಕಿಳಿದ. ಲಾರಿಗೆ ಉಳಿದಿದ್ದ ಒಂದೇ ಕನ್ನಡಿ ಡ್ರೈವರ್ ಬದಿಯದು. ಅದರಲ್ಲಿ ದಿಮ್ಮಿ ಕಾಣುತ್ತದೆಂದು ಮಾವ ಡ್ರೈವರ್ ಸೀಟಿಗೆ ಜರುಗಿದರು.

ಆಗ ಹಿಂದೆಲ್ಲೋ ಜಲ್ಲಿ ಕರಕರ ಎಂದಿತು. ಸವೆದ ತುಂಡು ಜಾರಿ, ಲಾರಿ ಒಂದಿಷ್ಟು ಹಿಂದಕ್ಕೆ ಕುಸಿಯಿತು. ಎತ್ತಿದ ಬಾನೆಟ್ಟಿನಾಚೆಯಿಂದ, ಹಳ್ಳದಲ್ಲಿರುವ ಕ್ಲೀನರನಿಗೆ ಕೇಳುವಂತೆ ಡ್ರೈವರಣ್ಣ ಕೂಗಿದರು:

“ಒತ್ತೂ... ಒತ್ತು ಕೊಡೋ!”

ಮಾವ ಒತ್ತಿದರು. ಕಾಲಿಗೆ ಸಿಕ್ಕಿದ್ದು ಕ್ಲಚ್ಚು. ಅಲ್ಲಿಯವರೆಗೆ ನಮ್ಮನ್ನು ಹಿಡಿದುಕೊಂಡಿದ್ದ ಗೇರು ಕೈಬಿಟ್ಟಿತು. ಲಾರಿ ಹಿಂದಕ್ಕೆ ಹರಿಯತೊಡಗಿತು. ಡ್ರೈವರಣ್ಣ ದೂರವಾಗುತ್ತಿದ್ದ ಮೂತಿಯ ಹಿಂದೆ ಓಡುತ್ತ ‘ಒತ್ತು, ಒತ್ತು’ ಎಂದಷ್ಟೂ ಮಾವ ಸೀಟಿನಿಂದೆದ್ದು ಇನ್ನಷ್ಟು ಬಲವಾಗಿ ಒತ್ತಿದರು. ಹಿಂದೆ ತಿರುವು, ತಿರುವಿನಲ್ಲಿ ತಡೆಗೋಡೆಯಿಲ್ಲದ ಕೆರೆ. ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವನು. ನಾವು ಕೆರೆಯನ್ನು ಯಾವ ವೇಗದಲ್ಲಿ ಮುಟ್ಟುತ್ತೇವೆಂದು ಲೆಕ್ಕ ಹಾಕಬಲ್ಲೆನಾಗಿದ್ದೆ, ಆದರೆ ಬಾಯಿಂದ ‘ಮಾವ’ ಎಂಬುದರ ಮುಂದೆ ಒಂದಕ್ಷರ ಹೊರಡಲಿಲ್ಲ. ಅವರು ಮಾತ್ರ ನೆಮ್ಮದಿಯಾಗಿದ್ದರು. ಕನ್ನಡಿಯಲ್ಲಿ ದಿಮ್ಮಿ ಇದ್ದಲ್ಲೇ ಇತ್ತು. ಆದ್ದರಿಂದ ಅವರ ಪ್ರಕಾರ ಯಾವುದೂ ಚಲಿಸುತ್ತಿರಲಿಲ್ಲ.

ಡ್ರೈವರಣ್ಣನಿಗೆ ಕೊನೆಗೆ ಹೊಳೆಯಿತು. “ಬಿಡಿ ಯಜಮಾನ್ರೇ, ಕಾಲ್ ಬಿಡಿ!”

ಮಾವನಿಗೆ ಸಿಟ್ಟು ಬಂತು. “ಒಂದ್ಸಲ ಒತ್ತು ಅಂತೀಯ, ಒಂದ್ಸಲ ಬಿಡು ಅಂತೀಯ. ಎಂತ ಮಾರಾಯ, ನಾನೇನ್ ನಿನ್ ಕ್ಲೀನರ್ರಾ?” ಎಂದವರೇ ಎರಡೂ ಕಾಲೆತ್ತಿ, ಸೀಟಿನ ಮೇಲೆ ಚಕ್ಕಂಬಕ್ಕಲ ಹಾಕಿ, ಮುನಿಸಿಕೊಂಡು ಕೂತುಬಿಟ್ಟರು.

ಗೇರು ಕಚ್ಚಿತು. ಲಾರಿ ಒಮ್ಮೆ ಮೈ ಜಾಡಿಸಿ ನಿಂತಿತು. ಕ್ಲೀನರ್ ಕೊಡ ಎಸೆದು ಓಡಿಬಂದು ಚಕ್ರಕ್ಕೆ ಕಲ್ಲು ಕೊಟ್ಟ. ಕನ್ನಡಿಯಲ್ಲಿ ಈಗ ದಿಮ್ಮಿಯ ಹಿಂದೆ ನೀರು ಕಾಣುತ್ತಿತ್ತು, ನೀರಿನಲ್ಲಿ ಒಂದು ಎಮ್ಮೆ. ಅದು ನಮ್ಮನ್ನೇ ನೋಡುತ್ತಿತ್ತು. ಮಾವನೂ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಅಂಗಿಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಒತ್ತು ಎಂದರೇನೆಂದು ಡ್ರೈವರಣ್ಣ ಮೆಲುದನಿಯಲ್ಲಿ ಹೇಳಿದರು. ಅವರಿಗೆ ಮೆಲುದನಿ ಇದೆಯೆಂದು ಕ್ಲೀನರನಿಗೂ ಆವತ್ತೇ ಗೊತ್ತಾಗಿದ್ದು. ಮಾವ ಸವೆದ ತುಂಡನ್ನು ಕೈಗೆ ತೆಗೆದುಕೊಂಡು ಸಾಗರದವರೆಗೂ ತಿರುಗಿಸಿ ಮುರುಗಿಸಿ ನೋಡಿದರು. ಮಿಲ್ಲಿನಲ್ಲಿ ದಿಮ್ಮಿ ಇಳಿಸಿದ ಕೂಡಲೇ, “ಮೊದ್ಲು ತುದೀಲಿ ಒಂದ್ ಗೇಣು ತೆಗಿ,” ಎಂದರು.

ಬಾಗಿಲು ಗಿಡ್ಡವಾಗುತ್ತದೆಂದು ಕೊಯ್ಯುವವನು ಎಚ್ಚರಿಸಿದ.

“ಮನೇಲಿ ಅಳಿಯ ಒಬ್ಬನೇ ಉದ್ದ. ಬದ್ಕಿದ್ರೆ ಬಗ್ಗಿಯಾದ್ರೂ ಒಳಗೆ ಹೋಗ್ತಾನೆ.”

ಹೊಸ ಒತ್ತು ಹಳದಿ ಬಣ್ಣಕ್ಕೆ ಬಂಗಾರದ ಹಾಗಿತ್ತು. ಕ್ಲೀನರ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ನಾನಂತೂ ದಿನವೂ ಬಗ್ಗುತ್ತೇನೆ. ಗೃಹಪ್ರವೇಶಕ್ಕೆ ಬಂದ ಡ್ರೈವರಣ್ಣ ಚೌಕಟ್ಟಿಗೆ ಹಣೆ ಬಡಿಸಿಕೊಂಡು, ಇದನ್ನು ಯಾವ ಪುಣ್ಯಾತ್ಮ ಅಳತೆ ಮಾಡಿದನೆಂದು ಊರಿಗೇ ಕೇಳುವಂತೆ ವಿಚಾರಿಸಿದರು.

“ಉಳಿದಿದ್ದು ನಿಮ್ ಲಾರೀಲಿದೆ,” ಎಂದರು ಮಾವ. “ಬಗ್ಗಿ ಬನ್ನಿ.”