ಮೊಟ್ಟೆ ಕಲಸಿದ ಗಂಜಿ

ಈ ಹುಡುಗಿಯಿಂದ ಆಗುವುದಿಲ್ಲ ಎಂದು ನನ್ನ ಬಗ್ಗೆ ಮೊದಲು ಅಂದವಳು ಅಪ್ಪನ ಅಕ್ಕ, ನನ್ನ ಅತ್ತೆ. ಅಂಕೋಲೆಯ ಹತ್ತಿರದ ನಮ್ಮ ಮನೆಯಲ್ಲಿ ನನಗಿಂತ ಮೊದಲು ಹೈಸ್ಕೂಲು ಮುಗಿಸಿದವರಿರಲಿಲ್ಲ. ನಾನು ಕಾಲೇಜಿಗೆ ಹೊರಟಾಗ ಅತ್ತೆ, "ಗದ್ದೆ ನೆಟ್ಟಿ ಮಾಡೂರ ಮನೇಲಿ ಡಿಗ್ರಿ ಬೆಳೀತದೇನೆ?" ಎಂದಳು. ಡಿಗ್ರಿ ಬಂತು, ಬಿ.ಎಡ್. ಬಂತು, ಕಾರವಾರದ ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸವೂ ಬಂತು. ಎಷ್ಟೋ ವರ್ಷಗಳ ಮೇಲೆ, ಮೈಭಾರಕ್ಕೆ ಮೊಣಕಾಲು ಸೋತು, ಸಕ್ಕರೆ ಕಾಯಿಲೆ ಏರಿ, ಗೋವೆಗೆ ಹೋಗಿ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿಕೊಂಡು ಬಂದಾಗ ಮತ್ತೆ ಅವಳೇ, "ಹೊಟ್ಟೆ ಕೊಯ್ಸ್ಕಂಡವ್ಳು ಇನ್ನು ಶಾಲೆ ಮೆಟ್ಲು ಹತ್ತೂದು ಸುಳ್ಳು" ಎಂದಳು.

"ನನ್ ಮಗಳು ಹತ್ತತದೆ. ನೀ ನೋಡ್ತಾ ಇರು," ಎಂದು ಅವಳ ಬಾಯಿ ಮುಚ್ಚಿಸಿದವಳು ಆಯಿ. ಅಂಕೋಲೆ ಪೇಟೆಯಲ್ಲಿ ಹರಿವೆ, ಬಸಳೆ ಮಾರಿ ನನ್ನನ್ನು ಓದಿಸಿದವಳು. ಆ ನಂಬಿಕೆಯ ಮೇಲೆಯೇ ಕಾರವಾರದ ಕೋಡಿಬಾಗದಲ್ಲಿದ್ದ ನನ್ನ ಬಾಡಿಗೆ ಕೋಣೆಗೆ ಬೀಗ ಹಾಕಿ ಅವಳ ಕೈಯ ಊಟಕ್ಕೆ ಬಂದೆ. ರಜೆ ಮುಗಿಯುವುದರೊಳಗೆ ಫಿಟ್‌ನೆಸ್ ಸರ್ಟಿಫಿಕೇಟ್ ತರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಶಾಲೆಯವರು ಹೇಳಿಯೇ ಕಳಿಸಿದ್ದರು.

ಗೋವೆಯ ಡಾಕ್ಟರರ ಮಾತು ಸರಳವಾಗಿತ್ತು. ಹೊಟ್ಟೆ ಈಗ ಒಂದು ಸಣ್ಣ ಲೋಟದಷ್ಟು. ಅದನ್ನು ಗಂಜಿಯಿಂದ ತುಂಬಿಸಿದರೆ ಬೇರೆಯದಕ್ಕೆ ಜಾಗ ಉಳಿಯುವುದಿಲ್ಲ. ಆದ್ದರಿಂದ ಮೊದಲು ಪ್ರೋಟೀನ್: ನುಣ್ಣಗೆ ಅರೆದ ಬೇಳೆ, ಮೆತ್ತಗೆ ಬೇಯಿಸಿ ಕಿವುಚಿದ ಮೊಟ್ಟೆ, ನೀರಿಳಿಸಿದ ಮೊಸರು, ಮುಳ್ಳು ತೆಗೆದು ಹಿಸುಕಿದ ಮೀನು. ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದ ಪಾಠವನ್ನೇ ಆಯಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ. ಎಲ್ಲಕ್ಕೂ "ಹ್ಞೂಂ" ಅಂದಳು.

ಬಟ್ಟಲು ಬರುತ್ತಿತ್ತು, ಹಳದಿಯಾಗಿ, ನುಣ್ಣಗೆ.

"ಆಯೀ, ಮೊಟ್ಟೆ ಹಾಕಿದ್ಯಾ?"

"ವಾಸ್ನೆ ಬರ್ಬಾರ್ದು ಅಂತ ಬೇಳೆ ಸಂಗ್ತಿಗೇ ಕಲಸಿದ್ದೆ. ಸುಮ್ನೆ ಉಣ್ಣು, ತಂಗಿ." ಮುದ್ದಿನಿಂದ ಅವಳು ನನ್ನನ್ನು ಕರೆಯುವುದೇ ಹಾಗೆ.

ಮೀನು ಕೇಳಿದರೆ, ಮೆತ್ತಗಿನದು ಪೇಟೆಗೆ ಬಂದಿಲ್ಲ ಎನ್ನುತ್ತಿದ್ದಳು. ಆಪರೇಷನ್ ಆದಮೇಲೆ ನನ್ನ ನಾಲಿಗೆಗೆ ಎಲ್ಲವೂ ಒಂದೇ ರುಚಿ. ನಂಬಿ ಉಂಡೆ.

ಬಾಚಣಿಗೆಯಲ್ಲಿ ಕೂದಲು ಕಿತ್ತು ಬರತೊಡಗಿತು. ಬಾವಿಯ ತನಕ ನಡೆದರೆ ಕಾಲು ನಡುಗುತ್ತಿತ್ತು. ಸರ್ಟಿಫಿಕೇಟಿಗೆಂದು ಕಾರವಾರಕ್ಕೆ ಹೋದರೆ, ಅಲ್ಲಿಯ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, ಸಹಿ ಹಾಕದೆ ಪೆನ್ನಿನ ಮುಚ್ಚಳ ಮುಚ್ಚಿದರು.

"ಟೀಚರೇ, ನೀವು ಪ್ರೋಟೀನ್ ತಿಂತಾ ಇಲ್ಲ."

"ದಿನಾ ತಿಂತಿದ್ದೇನೆ, ಡಾಕ್ಟ್ರೇ."

"ಹಾಗಾದ್ರೆ ಅದು ಎಲ್ಲಿಗೆ ಹೋಗ್ತಾ ಇದೆ?"

ರಜೆ ಮುಗಿಯುವ ಮೊದಲು ಇನ್ನೊಮ್ಮೆ ಬನ್ನಿ ಎಂದು ಕಳಿಸಿದರು. ಅಮದಳ್ಳಿ ದಾಟುವವರೆಗೂ ಬಸ್ಸಿನಲ್ಲಿ ಅವರನ್ನೇ ಬೈದುಕೊಂಡೆ. ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ಕಾಲಿಟ್ಟರೆ, ತಮ್ಮನ ತಾಟಿನಲ್ಲಿ ಮೆತ್ತಗಿನ ನೊಗಲಿ ಮೀನಿನ ಸಾರು, ಬದಿಗೆ ಬೇಯಿಸಿದ ಮೊಟ್ಟೆ. ಒಲೆಯ ಮುಂದೆ ಆಯಿ ನನ್ನ ಬಟ್ಟಲಿನ ಅಕ್ಕಿಹಿಟ್ಟಿನ ಗಂಜಿಗೆ ಅರಿಶಿನ ಕದಡುತ್ತಿದ್ದಳು.

"ಅಕ್ಕನ ಪಾಲಿನ ಮೊಟ್ಟೆ ತಿಂದೂ ತಿಂದೂ ನಂಗೇ ಹೊಟ್ಟೆ ಬಂತು," ಎಂದು ತಮ್ಮ ನಕ್ಕ. ಅವನಿಗೆ ಗೊತ್ತಿತ್ತು.

ಆಯಿ ತಿರುಗಲಿಲ್ಲ. "ಹಸಿ ಹೊಲಿಗೆಗೆ ಮೊಟ್ಟೆ, ಮೀನು ನಂಜು. ಬೇಳೆ ವಾಯು, ಮೊಸರು ಥಂಡಿ. ಕೀವಾದ್ರೆ ನೋಡೂಕೆ ನಿನ್ ಡಾಕ್ಟ್ರು ಬತ್ರಾ?"

"ನಂಗೆ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ಕೇಳ್ತಿದ್ಯಾ? ನೀ ಕಲ್ತವ್ಳು."

ಗಾಯವಾದವರಿಗೆ ಮೀನು ನಿಲ್ಲಿಸುವುದು ನಮ್ಮ ಕಡೆ ಹೊಸದಲ್ಲ. ಅವಳ ಹೆದರಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಕಲಿತವಳು ಎಂಬ ಮಾತನ್ನು, ಸೊಪ್ಪಿನ ಬುಟ್ಟಿ ಹೊತ್ತು ಕಲಿಸಿದವಳೇ ಬೈಗುಳದಂತೆ ಎಸೆದಳು. ಅತ್ತೆ ಅನ್ನುವುದನ್ನು ಎದುರಿಗೇ ಅಂದಿದ್ದಳು. ಆಯಿ ನನ್ನ ಪರವಾಗಿ ಜಗಳವಾಡಿ, ಒಳಗೆ ಬಂದು ಅರಿಶಿನ ಕಲಸಿದಳು.

ಆ ಸಂಜೆಯೇ ಕೋಡಿಬಾಗಕ್ಕೆ ಹೋದೆ. ಬೇಳೆ ನಾನೇ ಅರೆದೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಕಿಟಕಿಯ ಸರಳಿಗೆ ತೂಗುಹಾಕಿದೆ. ಮೊಟ್ಟೆಯನ್ನು ಚಮಚದ ಬೆನ್ನಿನಲ್ಲಿ ಕಿವುಚಿ ಚೂರು ಚೂರೇ ತಿಂದೆ. ತಿನ್ನುವಾಗೆಲ್ಲ ತಮ್ಮನ ನಗು ಕೇಳುತ್ತಿತ್ತು. ಕಾಲಿನ ನಡುಕ ನಿಂತಿತು.

ಈ ಸಲ ಡಾಕ್ಟರು ಸಹಿ ಹಾಕಿದರು. ಶಾಲೆಗೆ ಕೊಡುವ ಮೊದಲು ಅಂಕೋಲೆಯ ಬಸ್ಸು ಹತ್ತಿ, ಆ ಸರ್ಟಿಫಿಕೇಟನ್ನು ಆಯಿಯ ಕೈಯಲ್ಲಿಟ್ಟೆ. ಅವಳಿಗೆ ಓದು ಬಾರದು. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು, ಡಾಕ್ಟರ ಸೀಲಿನ ಮೇಲೆ ಬೆರಳಾಡಿಸಿದಳು. ತಪ್ಪಾಯಿತು ಅನ್ನುತ್ತಾಳೆಂದು ಕಾದೆ.

"ನೋಡು, ಹೊಲಿಗೆ ಬಿಚ್ಚಲಿಲ್ಲ, ಕೀವಾಗ್ಲಿಲ್ಲ," ಎಂದಳು. "ನಾ ಪಥ್ಯ ಹಿಡಿದದ್ದಕ್ಕೇ ಇದು ಬಂತು, ತಂಗಿ."