ಬಣ್ಣವಿಲ್ಲದ ಖಾರ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಗದಿಗೆವ್ವಳ ಕಾಲಿನ ಸಂಗತಿ ಇದರ ತಿರುವುಮುರುವು. ಎರಡೂ ಅಂಗಾಲು ಕೆಂಡ ತುಳಿದಂತೆ ಉರಿಯುತ್ತಿದ್ದವು. ನೋಡಿದರೆ ಒಂದು ಕೆಂಪು ಕಲೆಯಿಲ್ಲ, ಬಾವಿಲ್ಲ, ಬೊಬ್ಬೆಯಿಲ್ಲ. ಸಕ್ಕರೆ ಕಾಯಿಲೆ ಹಳೆಯದೆಂಬುದು ಮನೆಯವರಿಗೆ ಗೊತ್ತಿತ್ತು. ಉರಿಯನ್ನು ಮಾತ್ರ ಯಾರೂ ನಂಬಲಿಲ್ಲ.

ಮೆಣಸಿನಕಾಯಿ ಪೇಟೆಯ ಅಂಗಡಿಯೊಂದರ ಮುಂದೆ ರಾಶಿಗೆದುರಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುವಾಗ ಪಕ್ಕದ ಮುಮ್ತಾಜಬಿ ನಗುತ್ತಿದ್ದಳು. “ನಮ್ಮ ಕಾಯಿ ಇಷ್ಟು ಉರಿಯಂಗಿಲ್ಲ ಯವ್ವಾ. ಎಲ್ಲೋ ಗುಂಟೂರ ಕಾಯಿ ತುಳದೀ ನೋಡು.”

ಆ ನಗೆ ಗದಿಗೆವ್ವಳನ್ನು ಚುಚ್ಚುತ್ತಿರಲಿಲ್ಲ. ಚುಚ್ಚುತ್ತಿದ್ದುದು ಗಂಡನ ಮಾತು. ಕೊಟ್ರಪ್ಪ ಅದೇ ಪೇಟೆಯ ಹಮಾಲ, ಕೆಟ್ಟವನಲ್ಲ, ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವವನು. “ಕಾಲು ಕನ್ನಡಿ ಹಂಗ ಅದಾವ. ಉರಿ ಇರೋದು ನಿನ್ನ ಮನಸಿನಾಗ” ಎನ್ನುತ್ತಿದ್ದ.

ಹಾವೇರಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಶ್ರೀದೇವಿ ಎಂಬುವವರು, ಸಕ್ಕರೆ ಕಾಯಿಲೆಯಿಂದ ಕಾಲು ಉರಿಯುವವರ ಮೆದುಳಿನ ಚಿತ್ರ ತೆಗೆದು ಅಭ್ಯಾಸ ಮಾಡುತ್ತಿದ್ದರು. ಅವರು ಕರೆದಾಗ ಗದಿಗೆವ್ವ ಥಟ್ಟನೆ ಒಪ್ಪಿದಳು. ಚಿತ್ರದಲ್ಲಿ ಉರಿ ಕೆಂಪಗೆ ಕಂಡೇ ಕಾಣುತ್ತದೆ, ಅದನ್ನು ಗಂಡನ ಕಣ್ಣಿಗೆ ಹಿಡಿಯಬಹುದು ಎಂಬುದೊಂದೇ ಅವಳ ಆಸೆ.

“ಉರಿಯೋದು ಕಾಲು, ನೋಡೋದು ತಲಿ. ಚಲೋ ಐತಿ ಇವರ ವೈದ್ಯಕಿ” ಎನ್ನುತ್ತಲೇ ಕೊಟ್ರಪ್ಪ ಜೊತೆಗೆ ಬಸ್ಸು ಹತ್ತಿದ.

ಯಂತ್ರದೊಳಗೆ ಲೋಹ ಒಯ್ಯುವಂತಿರಲಿಲ್ಲ. ತಾಳಿ, ಮೂಗುಬೊಟ್ಟು ಕೊಟ್ರಪ್ಪನ ಜೇಬು ಸೇರಿದವು. ಬಿಗಿದಿದ್ದ ಕಾಲುಂಗುರಗಳನ್ನು ಶ್ರೀದೇವಿ ಸಾಬೂನು ಹಚ್ಚಿ ಜಾರಿಸಿದರು. “ಯಾವಾಗ ತೆಗೀತೀರಿ ಬಾಯಾರ?” ಎಂದು ಗದಿಗೆವ್ವ ಕೇಳುವ ಹೊತ್ತಿಗೆ ಉಂಗುರಗಳು ಅವರ ಕೈಯಲ್ಲಿದ್ದವು.

ಕೊಟ್ರಪ್ಪ ಹುಬ್ಬೇರಿಸಿದ. “ಉಂಗುರ ತೆಗದದ್ದು ಗೊತ್ತಾಗಲಿಲ್ಲ. ಉರಿ ಹೆಂಗ ಗೊತ್ತಾಗತೈತ್ರಿ?”

“ಅದs ಅಣ್ಣಾರ ಈ ಜಡ್ಡು. ಸುದ್ದಿ ತರೋ ನರ ಸವದಾವ. ಮುಟ್ಟಿದ್ದು ತಿಳಿಯಂಗಿಲ್ಲ, ಸುಳ್ಳs ಬೆಂಕಿ ಸುದ್ದಿ ಬರತೈತಿ. ಆ ಸುದ್ದೀನ ಮೆದುಳು ಏನು ಮಾಡತೈತಿ ಅಂತ ಹುಡುಕಾಕತ್ತೇವಿ.”

“ಸುಳ್ಳು ಸುದ್ದಿ ಅಂದ್ರಲ್ಲ” ಎಂದ ಕೊಟ್ರಪ್ಪ.

“ಸುದ್ದಿ ಸುಳ್ಳು. ನೋವು ಖರೇ” ಎಂದರು ಶ್ರೀದೇವಿ.

ಕಡೆಗೆ ಉಳಿದದ್ದು ಕೊರಳಲ್ಲಿದ್ದ ಲಿಂಗ. ಎಳೆಗೂಸಿದ್ದಾಗ ಅಯ್ಯನವರು ಕಟ್ಟಿದ್ದು, ಒಂದು ದಿನವೂ ಮೈ ಬಿಟ್ಟಿರಲಿಲ್ಲ. ಅದನ್ನಿಟ್ಟ ಬೆಳ್ಳಿಯ ಕರಡಿಗೆಯಷ್ಟೇ ಅಲ್ಲ, ಯಂತ್ರದೊಳಗೆ ಲಿಂಗವೂ ಬೇಡವೆಂದರು ಶ್ರೀದೇವಿ. ಗದಿಗೆವ್ವ ಶಿವದಾರ ಹಿಡಿದು ನಿಂತೇ ಬಿಟ್ಟಳು. ತೆಗೆದು ಮೇಜಿನ ಮೇಲಿಡುವುದು ಆಗದ ಮಾತು. ತಿರುಗಿ ಹೋಗೋಣವೇ ಎಂದುಕೊಳ್ಳುವಷ್ಟರಲ್ಲಿ ಕೊಟ್ರಪ್ಪ ಕೈ ತೊಳೆದು ಬಂದು ಎಡ ಅಂಗೈ ಚಾಚಿದ.

“ಇಲ್ಲಿ ಕೊಡು. ನೀ ಬರೋತನ ಕೆಳಗ ಇಳಸಂಗಿಲ್ಲ.”

ಬಿಳಿ ವಸ್ತ್ರದಲ್ಲಿ ಸುತ್ತಿದ ಲಿಂಗವನ್ನು ಆ ಅಂಗೈಯಲ್ಲಿಟ್ಟು ಅವಳು ಒಳಗೆ ಹೋದಳು.

ಕೊಳವೆಯೊಳಗೆ ಅಲುಗಾಡದೆ ಮಲಗಬೇಕಿತ್ತು. ಯಂತ್ರ ಖಾರ ಕುಟ್ಟುವ ಗಿರಣಿಯಂತೆ ಬಡಿಯತೊಡಗಿತು. ಕಣ್ಣು ಮುಚ್ಚಿದಳು. ಪೇಟೆ ತುಂಬ ಹರಡಿದ ಕೆಂಪು ನಿಧಾನವಾಗಿ ಹರಿಯತೊಡಗಿತು. ಹರಿದು ಹರಿದು ತವರೂರು ಗುತ್ತಲದ ಕಡೆಯ ಹೊಳೆಯಾಯಿತು. ಅವಳು ಲಂಗ ಎತ್ತಿಕಟ್ಟಿ ಕಾಲು ಇಳಿಬಿಟ್ಟಿದ್ದಾಳೆ. ನೀರು ತಣ್ಣಗಿದೆ, ಮೀನುಮರಿ ಬೆರಳು ಕಚ್ಚಿದ್ದೂ ತಿಳಿಯುತ್ತಿದೆ. ಬರಿದಾದ ಎಡ ಅಂಗೈ ಎದೆಯ ಮುಂದಿದೆ. ಅದರಲ್ಲಿ ಲಿಂಗವಿಲ್ಲ, ಆದರೂ ಲಿಂಗದ ಕಪ್ಪು ಹೊಳಪಿದೆ. ಉರಿ ಎಲ್ಲೋ ಆಚೆ ದಂಡೆಯಲ್ಲಿ ದೀಪದಷ್ಟಾಗಿ ನಿಂತಿತು. ಬಡಿತ ನಿಂತದ್ದೇ ತಡ, ಮತ್ತೆ ಅಂಗಾಲಿಗೇ ಬಂತು.

ಎದ್ದವಳು ಕಂಪ್ಯೂಟರಿನ ಮುಂದೆ ಹೋದಳು. ಅವಳ ಮೆದುಳು ವಿಭೂತಿ ಬಣ್ಣದ, ಸುರುಳಿ ಸುರುಳಿಯಾದ ಗಡ್ಡೆಯಂತೆ ಕಂಡಿತು.

“ಉರಿ ಎಲ್ಲೈತ್ರಿ ಬಾಯಾರ?”

“ಒಬ್ಬರ ಚಿತ್ರದಾಗ ಹಂಗ ಕಾಣಂಗಿಲ್ಲ ಅವ್ವಾರ. ಭಾಳ ಮಂದೀದು ಕೂಡಿಸಿ ನೋಡಬೇಕು, ವರ್ಷಾನುಗಟ್ಟಲೆ. ನೀವು ಮಾತ್ರ ದಿನಾ ಚಪ್ಪಲಿ ಝಾಡಿಸಿ ಹಾಕ್ಕೊರ್ರಿ. ಹಳ್ಳು ಮುಳ್ಳು ಚುಚ್ಚಿದ್ರೂ ನಿಮಗ ತಿಳಿಯಂಗಿಲ್ಲ.” ಬಾಗಿಲವರೆಗೂ ಬಂದು, ಹೊರಗಿದ್ದ ಕೊಟ್ರಪ್ಪನಿಗೂ ಕೇಳುವಂತೆ ಇದನ್ನೇ ಮತ್ತೊಮ್ಮೆ ಹೇಳಿದರು.

ತೋರಿಸಲು ಏನೂ ಇಲ್ಲದೆ ಗದಿಗೆವ್ವ ಹೊರಬಂದಳು. ಸಾಲು ಕುರ್ಚಿಗಳು ಖಾಲಿಯಿದ್ದವು. ಕೊಟ್ರಪ್ಪ ಮಾತ್ರ ಬಾಗಿಲಿಗೆದುರಾಗಿ, ಬಿಟ್ಟುಹೋದಲ್ಲಿಯೇ, ಅಂಗೈ ಎದೆಯ ಎತ್ತರಕ್ಕೆ ಹಿಡಿದು ನಿಂತಿದ್ದ. ಅವಳು ಲಿಂಗ ಎತ್ತಿ ಕಣ್ಣಿಗೊತ್ತಿಕೊಂಡು ಕರಡಿಗೆಗೆ ಸೇರಿಸಿ ಕೊರಳಿಗೆ ಹಾಕಿಕೊಂಡಳು. ಅವನ ಕೈ ಹಾಗೆಯೇ ಇತ್ತು. ಚೀಲ ಎತ್ತಿ ಪಳಗಿದ ಬೆರಳುಗಳು ಮಡಚಲೊಲ್ಲವು.

“ಜೋಮು ಹಿಡದೈತಿ. ಒಳಗ ಇರುವಿ ಹರದಂಗ ಆಗಾಕತ್ತೈತಿ” ಎಂದು ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. “ಮ್ಯಾಲೆ ಏನೂ ಇಲ್ಲ.”

ಆಮೇಲೆ ದನಿ ತಗ್ಗಿಸಿ ಕೇಳಿದ. “ನಿಂದೂ ಹಿಂಗs ಏನು?”

“ಹಿಂಗs. ಆದ್ರ ನಿಮ್ಮದು ಈಗ ಬಿಡತೈತಿ.”

ಕೊಟ್ರಪ್ಪ ಮೂಲೆಯಲ್ಲಿದ್ದ ಅವಳ ಚಪ್ಪಲಿ ಎತ್ತಿಕೊಂಡು, ಬೋರಲು ಮಾಡಿ ಒಂದಕ್ಕೊಂದು ಬಡಿದ. ಮೆಣಸಿನಕಾಯಿಯ ಗಟ್ಟಿಯಾದ ಒಣ ತೊಟ್ಟೊಂದು ನೆಲಕ್ಕೆ ಬಿತ್ತು.

“ಮುಂಜಾನಿಂದ ಇದರ ಮ್ಯಾಲೆ ನಡದೀಯಲ್ಲ” ಎಂದು, ಬಗ್ಗಿ ಚಪ್ಪಲಿಗಳನ್ನು ಅವಳ ಕಾಲ ಮುಂದೆ ಸರಿಯಾಗಿ ಜೋಡಿಸಿಟ್ಟ.