ಜೋಡಿ ಇಲ್ಲದ ಲಿಫ್ಟ್ ಮೆಕ್ಯಾನಿಕ್

ಮ್ಯಾನೇಜರನ ಮೇಲಿನ ಸಿಟ್ಟು ಅವನಿಗೆ ಎಂದೋ ಆರಿದೆ. ಆರದೆ ಕೂತಿರುವುದು ಜೋಡಿಯ ಮೇಲಿನ ಸಿಟ್ಟು. ಹದಿನಾರು ವರ್ಷ ಒಂದೇ ಡಬ್ಬಿಯಲ್ಲಿ ಕೈಯಿಟ್ಟು ಉಂಡವನು ಅವತ್ತು ಅಷ್ಟು ಜನರ ಮುಂದೆ ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ತಲೆ ಬಗ್ಗಿಸಿ ಬೂಟಿನ ಲೇಸು ನೋಡುತ್ತಾ ಕೂತ. ಲೇಸಿನಲ್ಲಿ ಏನಿತ್ತೋ, ಅವನಿಗೇ ಗೊತ್ತು.

ಲಿಫ್ಟ್ ರಿಪೇರಿ ಒಬ್ಬನ ಕೈಕೆಲಸವಲ್ಲ. ಒಬ್ಬ ತಾರಸಿಯ ಮೇಲಿನ ಮೆಷಿನ್ ರೂಮಿನಲ್ಲಿರಬೇಕು, ಇನ್ನೊಬ್ಬ ಲಿಫ್ಟಿನ ನೆತ್ತಿಯ ಮೇಲೆ ಕತ್ತಲಲ್ಲಿ ಕುಕ್ಕರಗಾಲಿನಲ್ಲಿ. ಒಬ್ಬ "ಇಳಿಸ್ತೀನಿ" ಎಂದು ಕೂಗಿದರೆ ಇನ್ನೊಬ್ಬ "ಇಳಿಸು" ಎಂದು ತಿರುಗಿ ಕೂಗಬೇಕು. ಆಮೇಲೆಯೇ ಬಟನ್ನಿಗೆ ಬೆರಳು. ಹೂಂ ಅಂದರೆ ನಡೆಯದು, ಆಯ್ತು ಅಂದರೂ ನಡೆಯದು. ಕೆಮ್ಮಿದರೂ ಹೂಂ ಎಂದೇ ಕೇಳುತ್ತದೆ, ಅಷ್ಟರಲ್ಲಿ ಒಬ್ಬನ ಕೈ ಚಕ್ರದೊಳಗೆ ಹೋಗಿರುತ್ತದೆ. ಹೀಗೆ ಕೂಗಿಗೆ ಕೂಗು ಕೊಡುವವನನ್ನೇ ಆ ಕಸುಬಿನಲ್ಲಿ ಜೋಡಿ ಎನ್ನುವುದು. ನಮ್ಮವನಿಗೆ ಕಂಪನಿಯಲ್ಲಿ ಕಿವಿ ಎಂದೇ ಹೆಸರು ಬಿದ್ದಿತ್ತು. ಲಿಫ್ಟಿನ ಕಾಯಿಲೆಯನ್ನು ಅವನು ಬಿಚ್ಚಿ ನೋಡುತ್ತಿರಲಿಲ್ಲ, ಕಿವಿಯಿಟ್ಟು ಹಿಡಿಯುತ್ತಿದ್ದ. ಆ ಹೆಸರಿಟ್ಟವನೂ ಜೋಡಿಯೇ.

ಆರಂತಸ್ತಿನ ಒಂದು ಕಟ್ಟಡದ ಲಿಫ್ಟು ಇಳಿಯುವಾಗ ಕರಕರ ಎನ್ನುತ್ತಿತ್ತು. ಮೆಷಿನ್ನೇ ಸತ್ತಿದೆ, ಹೊಸ ಲಿಫ್ಟ್ ಹಾಕಿಸಿಕೊಳ್ಳಿ ಎಂದು ಕಂಪನಿ ಆ ಮನೆಗಳವರಿಗೆ ಪತ್ರ ಬರೆದಿತ್ತು. ಕಿವಿ ಮೆಷಿನ್ ರೂಮಿನ ನೆಲದ ಮೇಲೆ ಕೂತು, ಜೋಡಿಯ ಕೈಲಿ ಲಿಫ್ಟನ್ನು ಮೇಲೆ ಕೆಳಗೆ ಓಡಿಸಿ ನಲವತ್ತು ನಿಮಿಷ ಕೇಳಿದ. ಮೆಷಿನ್ ಗುಂಡುಕಲ್ಲಿನ ಹಾಗಿತ್ತು. ಸವೆದಿದ್ದದ್ದು ಉಕ್ಕಿನ ರೋಪುಗಳು, ಅಷ್ಟೆ. ಅದನ್ನು ಆ ಕಟ್ಟಡದ ಸಂಘದ ಕಾರ್ಯದರ್ಶಿ ಟೀಚರಮ್ಮನಿಗೂ ಹೇಳಿಬಂದ. ನಿಜ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ.

ತಿಂಗಳ ಮೀಟಿಂಗಿನಲ್ಲಿ ಮೂವತ್ತು ದಾಟದ ಮ್ಯಾನೇಜರ್ ಗೋಡೆಯ ಮೇಲೆ ಒಂದು ಕೆಂಪು ಗೆರೆ ತೋರಿಸಿದ. ಎಲ್ಲರ ಫೋನಿನೊಳಗೂ ಕಂಪನಿ ಒಬ್ಬ ಬೇಹುಗಾರನನ್ನು ಕೂರಿಸಿತ್ತು. ಎಲ್ಲಿ ನಿಂತೆ, ಎಷ್ಟು ಹೊತ್ತು ನಿಂತೆ, ಎಲ್ಲವೂ ಆ ಗೆರೆಯಲ್ಲಿ.

"ನಲವತ್ತು ನಿಮಿಷ ಅಲ್ಲಾಡಿಲ್ಲ. ನಿದ್ದೆನಾ?"

"ಕೇಳ್ತಾ ಇದ್ದೆ."

"ಯಾರನ್ನ?"

"ಲಿಫ್ಟನ್ನ."

ಇಡೀ ಕೋಣೆ ಗೊಳ್ಳೆಂದಿತು. ಮ್ಯಾನೇಜರ್ ಕೂಡ ಹಲ್ಲು ಬಿಟ್ಟ. "ಏನಂತೆ ಲಿಫ್ಟಿಗೆ? ಸಂಬಳ ಜಾಸ್ತಿ ಬೇಕಂತಾ?"

"ಮೆಷಿನ್ ಚೆನ್ನಾಗಿದೆ ಸಾರ್, ರೋಪ್ ಹೋಗಿದೆ. ನೀವು ಸುಮ್ನೆ ಹೊಸ ಲಿಫ್ಟ್ ತಲೆಗೆ ಕಟ್ತಾ ಇದೀರಾ. ಬೇಕಾದ್ರೆ ಇವನನ್ನ ಕೇಳಿ, ಜೊತೇಲೇ ಇದ್ದ."

ಮ್ಯಾನೇಜರ್ ಜೋಡಿಯ ಕಡೆ ತಿರುಗಿದ. "ಹೌದೇನ್ರೀ?"

ಬೂಟಿನ ಲೇಸು.

ಕಿವಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕುರ್ಚಿ ಹಿಂದಕ್ಕೆ ಬಿತ್ತು. "ಏನೋ, ನಾಲಿಗೇನೂ ಕಂಪನಿ ಸ್ಟೋರ್ ರೂಮಿಗೆ ಒಪ್ಪಿಸಿ ಸಹಿ ಹಾಕಿ ಬಂದಿದೀಯಾ? ಬಾಲ ಒಂದು ಉಳಿಸ್ಕೊಂಡಿದೀಯಲ್ಲ, ಅಲ್ಲಾಡಿಸ್ಕೊಂಡು ಬಿದ್ದಿರು!" ಎಂದವನೇ ಕೊರಳಿನ ಕಾರ್ಡು ಕಿತ್ತು ಮೇಜಿನ ಮೇಲೆ ಒಗೆದ. "ನಾಳೆಯಿಂದ ನನಗೆ ನಾನೇ ಮ್ಯಾನೇಜರ್."

ಮನೆಗೆ ಬಂದು ಹೆಂಡತಿಗೂ ಅದನ್ನೇ ಹೇಳಿದ. ಅವಳು ಮನೆಯಲ್ಲೇ ಹೊಲಿಗೆ ಮಾಡುವವಳು. ಹಲ್ಲಲ್ಲಿ ಕಚ್ಚಿದ್ದ ದಾರ ಬಿಟ್ಟು ಹೇಳಿದಳು: "ಹನ್ನೆರಡು ವರ್ಷದಿಂದ ನಾನೂ ನನಗೆ ನಾನೇ ಮ್ಯಾನೇಜರ್ ರೀ. ಸಂಬಳ ಹೆಚ್ಚಿಸು ಹೆಚ್ಚಿಸು ಅಂತ ದಿನಾ ಕೇಳ್ತೀನಿ. ಪಾಪಿ, ಕೊಡೋದೇ ಇಲ್ಲ."

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಸ್ವಂತ ಕೆಲಸ ಎಂಬ ಬೆಟ್ಟ ಹತ್ತಿದ ಮೇಲೆಯೇ ಮುಳ್ಳು ಕಾಲಿಗೆ ಸಿಕ್ಕಿದ್ದು. ಪರವಾನಗಿ ಅವನ ಹೆಸರಲ್ಲೇ ಇತ್ತು, ಕೈಯಲ್ಲಿ ಕಸುಬಿತ್ತು, ಬೈಕಿನ ಮೇಲೆ ಸಾಮಾನಿನ ಪೆಟ್ಟಿಗೆಯಿತ್ತು. ಇರದಿದ್ದದ್ದು ತಾಳ್ಮೆ. ಒಬ್ಬ ಮ್ಯಾನೇಜರನ ಕಾಟ ಬೇಡವೆಂದು ಹೊರಬಂದವನಿಗೆ ಈಗ ಮನೆಗೊಬ್ಬ ಮ್ಯಾನೇಜರ್. ಒಬ್ಬ ಫೋನು ಮಾಡಿ, "ಏನೂ ಆಗಿಲ್ಲ, ನಡೀತಾ ಇಲ್ಲ ಅಷ್ಟೇ. ಸುಮ್ನೆ ಒಂದ್ಸಲ ಬಂದು ನೋಡಿಹೋಗಿ," ಎನ್ನುತ್ತಿದ್ದ. ಸುಮ್ಮನೆ ಎಂದರೆ ಬಿಟ್ಟಿ ಎಂದು ಅರ್ಥ ಮಾಡಿಕೊಳ್ಳಲು ಅವನಿಗೆ ಒಂದು ತಿಂಗಳು ಹಿಡಿಯಿತು. ಇನ್ನೊಬ್ಬ ಇಂಟರ್ನೆಟ್ಟಿನಲ್ಲಿ ನೋಡಿ ತಾನೇ ಕಾಯಿಲೆಯ ಹೆಸರು ಹೇಳುತ್ತಿದ್ದ. "ಗೊತ್ತಿದ್ಮೇಲೆ ನೀವೇ ಮಾಡ್ಕೊಳ್ಳಿ, ನನ್ನನ್ನ ಯಾಕೆ ಕರೀತೀರಾ?" ಎಂದು ಇವನು ಫೋನಿಟ್ಟರೆ, ಹೆಂಡತಿ ಆಮೇಲೆ ಫೋನು ಮಾಡಿ ಅಕ್ಕ ಅಣ್ಣ ಎಂದು ಸಮಾಧಾನ ಮಾಡಬೇಕಿತ್ತು. ಕೊನೆಗೆ ಫೋನನ್ನು ಅವಳೇ ಕಿತ್ತುಕೊಂಡಳು. ಇವನು ಬನಿಯನ್ನಿನಲ್ಲಿ ಎದುರೇ ಕಾಲು ಚಾಚಿ ಕೂತಿದ್ದರೂ, "ಒಂದು ನಿಮಿಷ, ಸಾಹೇಬರು ಸೈಟಲ್ಲಿದಾರೆ," ಎನ್ನುವಳು.

ಇನ್ನೊಂದು ಕರ್ಮ. ಕಂಪನಿಯವರು ಹೇಗೋ ಕಟ್ಟಿ ಬರುತ್ತಿದ್ದರು, ತಿಂಗಳಿಗೆ ಮತ್ತೆ ಕೆಡುತ್ತಿತ್ತು. ಇವನು ರಿಪೇರಿ ಮಾಡಿದ ಲಿಫ್ಟು ಮತ್ತೆ ಕೆಡುತ್ತಲೇ ಇರಲಿಲ್ಲ. ಕೆಡದ ಮೇಲೆ ಯಾರು ಕರೆಯುತ್ತಾರೆ? "ಸ್ವಲ್ಪ ಕೆಟ್ಟದಾಗಿ ಮಾಡೋದು ಕಲೀರಿ," ಎಂದು ಹೆಂಡತಿ ಒಂದು ದಿನ ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟ.

ಮಾತು ಬಿಟ್ಟರೂ ಕೆಲಸಕ್ಕೆ ಅವಳೇ ಬೇಕು. ಜೋಡಿ ಇಲ್ಲವಲ್ಲ! ಮೂರಂತಸ್ತಿನ ಒಂದು ಆಸ್ಪತ್ರೆಯ ಮೆಷಿನ್ ರೂಮಿನಲ್ಲಿ ಅವಳನ್ನು ನಿಲ್ಲಿಸಿ, ಯಾವುದನ್ನೂ ಮುಟ್ಟಬೇಡ, ಹೇಳಿದ ಮಾತನ್ನು ತಿರುಗಿ ಹೇಳು ಎಂದು ಮೂರು ಸಲ ಕಲಿಸಿ, ತಾನು ಲಿಫ್ಟಿನ ನೆತ್ತಿಗೆ ಇಳಿದ.

"ಇಳಿಸ್ತೀನಿ!"

"ಎಷ್ಟು?"

"ಎಷ್ಟಾದ್ರೂ ನಿನಗೇನು? ಇಳಿಸು ಅನ್ನು!"

"ಇಳಿಸಿ ಅಂತೀನಿ. ಕೆಳಗಡೆ ಜನ ಇದಾರೆ, ಗಂಡನನ್ನ ಏಕವಚನದಲ್ಲಿ ಕರೀತಾಳೆ ಅನ್ನಲ್ವಾ?"

"ಜೀವ ಹೋಗೋ ಜಾಗದಲ್ಲಿ ಮರ್ಯಾದೆ ಯಾಕೇ?"

"ಹಾಗಾದ್ರೆ ಇಳಿಸೋ ಮಾರಾಯ!"

ಕೆಳಗೆ ನರ್ಸುಗಳು ನಕ್ಕಿದ್ದು ಅವನಿಗೆ ಮೇಲಿನವರೆಗೆ ಕೇಳಿಸಿತು.

ಮೂರು ತಿಂಗಳಾದವು. ಮನೆಯನ್ನು ಹೊಲಿಗೆ ಮೆಷಿನ್ನೊಂದೇ ಎಳೆಯುತ್ತಿತ್ತು. ಆಗ ಒಂದೇ ವಾರದಲ್ಲಿ ಎರಡು ಫೋನು ಬಂದವು. ಮೊದಲನೆಯದು ಮ್ಯಾನೇಜರನದು. ಜಾಗ ಇನ್ನೂ ಖಾಲಿಯಿದೆ, ತಿಂಗಳ ಕೊನೆಯವರೆಗೆ ಕಾಯುತ್ತೇನೆ. ತಪ್ಪಾಯ್ತು ಎಂದು ಒಂದು ಪತ್ರ ಬರೆದುಕೊಟ್ಟರೆ ಸಾಕು, ಎಂದ. ಎರಡನೆಯದು ಟೀಚರಮ್ಮನದು. ಅವರ ಕಟ್ಟಡದ ಮೇಲೆ ಕಂಪನಿಯ ಕರಾರು ಅದೇ ತಿಂಗಳಿಗೆ ಮುಗಿಯುತ್ತಿತ್ತು.

"ನೋಡಪ್ಪ, ರೋಪ್ ಮಾತ್ರ ಹೋಗಿದೆ ಅಂತ ಹೇಳಿದವನು ನೀನೊಬ್ಬನೇ. ಆದ್ರೆ ನಮ್ಮ ಮೂರನೇ ಮಹಡಿಯವರು, ಒಂಟಿ ಮನುಷ್ಯನ ಕೈಗೆ ಹೇಗೆ ಕೊಡೋದು ಅಂತ ಕೂತಿದಾರೆ. ಕೊನೇ ಭಾನುವಾರ ಬಾ. ಕಸುಬು ಬಲ್ಲ ಇನ್ನೊಬ್ಬನನ್ನ ಕರ್ಕೊಂಡು ಬಾ. ಸಂಜೆ ಒಳಗೆ ರೋಪ್ ಬದಲಾಯ್ಸಿ ಭಾರ ಹಾಕಿ ಓಡ್ಸಿ ತೋರ್ಸು. ವರ್ಷದ ಕರಾರು ನಿನ್ನದೇ. ಪಕ್ಕದ ಎರಡು ಕಟ್ಟಡದವರಿಗೂ ನಾನೇ ಹೇಳ್ತೀನಿ."

ಆ ಭಾನುವಾರ ಗೆದ್ದರೆ ಅವನ ಪೆಟ್ಟಿಗೆ ಅವನದು. ಸೋತರೆ ಸೋಮವಾರ ಪತ್ರ. ಗೊತ್ತಿದ್ದ ನಾಲ್ಕು ಮಂದಿಯನ್ನು ಕೇಳಿದ. ಇಬ್ಬರು ಕಂಪನಿಗೆ ಹೆದರಿದರು, ಒಬ್ಬನಿಗೆ ಬೆನ್ನುನೋವು, ಮತ್ತೊಬ್ಬ ರೋಪ್ ಎಂದರೆ ಬಟ್ಟೆ ಒಣಹಾಕುವ ಹಗ್ಗ ಎಂದುಕೊಂಡಂಥವನು.

"ಜೋಡಿನ ಕರೀರಿ," ಎಂದಳು ಹೆಂಡತಿ.

"ಆ ಮೂಗನನ್ನಾ? ಅದರ ಬದಲು ಪತ್ರ ಬರೀತೀನಿ."

"ಬರೀರಿ ಹಾಗಾದ್ರೆ," ಎಂದು ಅವಳು ಅಳತೆ ಪುಸ್ತಕದಿಂದ ಒಂದು ಹಾಳೆ ಹರಿದು, ಪೆನ್ನು ಸಮೇತ ಮುಂದಿಟ್ಟಳು. ಅವನು ಅರ್ಧ ಗಂಟೆ ಆ ಹಾಳೆಯನ್ನು ದುರುಗುಟ್ಟಿ ನೋಡಿ, ಮುದ್ದೆ ಮಾಡಿ ಎಸೆದು, ಬೈಕು ಒರೆಸಲು ಹೊರಗೆ ಹೋದ. ಅಷ್ಟರಲ್ಲಿ ಅವಳು ಫೋನು ಮಾಡಿ ಮುಗಿಸಿದ್ದಳು.

ಭಾನುವಾರ ಬೆಳಗ್ಗೆ ಏಳಕ್ಕೆ ಹೋದರೆ, ಜೋಡಿ ಆಗಲೇ ತನ್ನ ಚೀಲದೊಂದಿಗೆ ಗೇಟಿನ ಹತ್ತಿರ ನಿಂತಿದ್ದ.

"ಯಾರು ಕರೆದರು ನಿನ್ನ?"

"ಅತ್ತಿಗೆ."

"ನಾನು ಕರೆದಿಲ್ಲ."

"ನಿನ್ನ ಮುಖಾರವಿಂದ ನೋಡೋಕೆ ನಾನೂ ಬಂದಿಲ್ಲ. ರೋಪ್ ಎಲ್ಲಿ?"

ಲಿಫ್ಟನ್ನು ತುದಿಗೆ ಏರಿಸಿ ಸರಪಳಿಗೆ ನೇತುಹಾಕಿದರು. ರೋಪಿನ ಇನ್ನೊಂದು ತುದಿಗೆ ತೂಗುವ ಎದುರು ತೂಕಕ್ಕೆ ಕೆಳಗಿನ ಗುಂಡಿಯಲ್ಲಿ ಮರದ ದಿಮ್ಮಿ ಆನಿಸಿದರು. ಹಳೆಯ ರೋಪುಗಳನ್ನು ಒಂದೊಂದಾಗಿ ಬಿಚ್ಚಿ ಹೊಸದನ್ನು ಎಳೆದರು. ಇಡೀ ದಿನ ಕೂಗಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ. "ಎಳೀತೀನಿ." "ಎಳೆ." "ಬಿಡ್ತೀನಿ." "ಬಿಡು." ಹೆಂಡತಿಯ ಎಷ್ಟು-ಏಕೆಗಳನ್ನು ಕೇಳಿ ಕೇಳಿ ಸೋತಿದ್ದ ಅವನಿಗೆ, ಕತ್ತಲಿನಿಂದ ತಪ್ಪದೆ ತಿರುಗಿ ಬರುವ ಆ ಒಂದೊಂದು ಪದ ಬೆನ್ನು ಸವರಿದಂತಾಗುತ್ತಿತ್ತು. ಅದಕ್ಕೂ ಅವನಿಗೆ ರೇಗಿತು.

ಊಟದ ಹೊತ್ತಿಗೆ ಡಬ್ಬಿ ಬಿಚ್ಚಿದರೆ ಹೆಂಡತಿ ಇಬ್ಬರಿಗಾಗುವಷ್ಟು ತುಂಬಿದ್ದಳು. ಮೆಟ್ಟಿಲ ಮೇಲೆ ಒಬ್ಬರಿಗೊಬ್ಬರು ಓರೆಯಾಗಿ ಕೂತು ತಿಂದರು.

"ಅವತ್ತು ಮೀಟಿಂಗಲ್ಲಿ..." ಎಂದು ಜೋಡಿ ಶುರುಮಾಡಿದ.

"ದೊಡ್ಡ ಸ್ಪ್ಯಾನರ್ ಎಲ್ಲಿಟ್ಟೆ?" ಎಂದು ಇವನು ಎದ್ದುಬಿಟ್ಟ.

ಸಂಜೆ ಐದಕ್ಕೆ ಮರಳಿನ ಚೀಲ ಹೇರಿ ಹತ್ತು ಸಲ ಮೇಲೆ ಕೆಳಗೆ ಓಡಿಸಿದರು. ಆಮೇಲೆ ಟೀಚರಮ್ಮ ಒಳಗೆ ನಿಂತು, ಪರೀಕ್ಷೆಯ ಕೋಣೆಯಲ್ಲಿ ನಕಲು ಹಿಡಿಯುವವರಂತೆ ಕಣ್ಣು ಕಿರಿದು ಮಾಡಿ ಆರನೇ ಮಹಡಿಗೆ ಹೋಗಿಬಂದರು. "ಅಲ್ಲಪ್ಪಾ, ನಡೀತಾ ಇದೆಯೋ ನಿಂತಿದೆಯೋ ಗೊತ್ತೇ ಆಗಲ್ಲವಲ್ಲ!" ಮೂರನೇ ಮಹಡಿಯವನೂ ಬಾಯಿ ಮುಚ್ಚಿದ. ಕರಾರಿಗೆ ಅಲ್ಲೇ ಸಹಿ ಬಿತ್ತು. ಇವನು ಸಹಿ ಹಾಕಿ ತಿರುಗುವಷ್ಟರಲ್ಲಿ ಜೋಡಿ ಚೀಲ ಹೆಗಲಿಗೇರಿಸಿ ಹೊರಟಾಗಿತ್ತು. ಕರೆದರೆ ನಿಲ್ಲುವಷ್ಟು ದೂರದಲ್ಲಿದ್ದ. ಇವನು ಕರೆಯಲಿಲ್ಲ.

ಎರಡು ತಿಂಗಳಾದ ಮೇಲೆ ಸರ್ವಿಸಿಗೆ ಹೋದಾಗ ಟೀಚರಮ್ಮ ಹೆಮ್ಮೆಯಿಂದ ಒಂದು ಪತ್ರದ ನಕಲು ತಂದು ತೋರಿಸಿದರು. ಕರಾರು ಯಾಕೆ ಬಿಟ್ಟಿರಿ ಎಂದು ಕಂಪನಿಯವರು ಕೇಳಿದ್ದರಂತೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಮಾಡಿದ ಹೆಂಗಸು, ಮುತ್ತಿನಂಥ ಅಕ್ಷರದಲ್ಲಿ ಎರಡು ಪುಟ ಬರೆದಿದ್ದರು. "ತಮ್ಮಲ್ಲೇ ಕೆಲಸದಲ್ಲಿರುವ ಒಬ್ಬರು ತಮ್ಮ ರಜೆಯ ದಿನ ಬಂದು, ಬೆಳಗಿನಿಂದ ಸಂಜೆಯವರೆಗೆ ದುಡಿದುದನ್ನು ನಾನೇ ಕಂಡಿದ್ದೇನೆ. ಇಂಥವರು ತಮ್ಮ ಸಂಸ್ಥೆಯಲ್ಲಿರುವುದು ತಮ್ಮ ಪುಣ್ಯ." ಕೆಳಗೆ ಜೋಡಿಯ ಪೂರ್ತಿ ಹೆಸರು.

"ನಿನ್ನ ಸ್ನೇಹಿತನಿಗೂ ಒಳ್ಳೇದಾಗಲಿ ಅಂತ ಬರೆದೆ ಕಣಪ್ಪ."

ಅವನು ಲಿಫ್ಟ್ ಇರುವುದನ್ನೇ ಮರೆತು ಆರು ಮಹಡಿ ಮೆಟ್ಟಿಲಿಳಿದು ಬೈಕು ಹತ್ತಿದ.

ಜೋಡಿಯ ಮನೆಯ ತುಂಬ ಗಂಟುಮೂಟೆ. ಅವನು ಪಾತ್ರೆಯ ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದ. ಕಂಪನಿಯಲ್ಲಿದ್ದುಕೊಂಡು ಹೊರಗೆ ಕೆಲಸ ಮಾಡಿದ್ದಕ್ಕೆ ಅವನನ್ನು ದೂರದ ಊರಿನ ಡಿಪೋಗೆ ಎತ್ತಿಹಾಕಿದ್ದರು. ಹನ್ನೊಂದು ವರ್ಷದಿಂದ ಕಾಯುತ್ತಿದ್ದ ಸೂಪರ್‌ವೈಸರ್ ಕೆಲಸ ಬೇರೆಯವನಿಗೆ ಹೋಗಿತ್ತು.

"ಯಾಕೋ ಹೇಳಲಿಲ್ಲ ನನಗೆ?"

"ಹೇಳಿದ್ರೆ ಏನ್ಮಾಡ್ತಿದ್ದೆ? ಅಲ್ಲೂ ಬಂದು ಕುರ್ಚಿ ಬೀಳಿಸ್ತಿದ್ದೆ."

"ಕೆಲಸದಲ್ಲಿ ಹೇಗೆ ಇಟ್ಕೊಂಡ್ರು ಮತ್ತೆ?"

"ತಪ್ಪಾಯ್ತು ಅಂತ ಪತ್ರ ಬರ್ಕೊಟ್ಟೆ. ಮೂರು ಸಾಲು."

"ಥೂ! ಮಾನ ಇಲ್ವೇನೋ ನಿನಗೆ?"

ಆಡಿದ ಮೇಲೆ ತಿಳಿಯಿತು ಏನು ಆಡಿದೆನೆಂದು. ಜೋಡಿ ಮಾತ್ರ ಹಗ್ಗದಿಂದ ಕಣ್ಣೆತ್ತಲಿಲ್ಲ. "ಇದೆ. ಜೊತೆಗೆ ಇಬ್ಬರು ಹೆಣ್ಮಕ್ಕಳ ಸ್ಕೂಲ್ ಫೀಸೂ ಇದೆ."

"ಬಿಟ್ಟು ಬಾ. ನನ್ನ ಜೊತೆ ಸೇರ್ಕೋ. ಅರ್ಧ ನಿನ್ನದು."

"ನಿನ್ನ ಬಾಯಿಗಿಂತ ಆ ಮ್ಯಾನೇಜರೇ ವಾಸಿ ಕಣೋ. ಅವನು ತಿಂಗಳಿಗೆ ಒಂದ್ಸಲ ಬೈತಾನೆ."

ಇಬ್ಬರೂ ನಗಬಹುದಿತ್ತು. ಇವನು ಬಾಗಿಲಲ್ಲೇ ನಿಂತು ಕೇಳಿದ: "ಅವತ್ತು ಯಾಕೆ ಬಾಯಿ ಬಿಡಲಿಲ್ಲ?"

"ಸೂಪರ್‌ವೈಸರ್ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಎಲ್ಲಿ ತಪ್ಪಿಹೋಗುತ್ತೋ ಅಂತ ಹೆದರಿದೆ." ಜೋಡಿ ಗಂಟು ಬಿಗಿದ. "ಸಾಕಾ?"

ತಪ್ಪಾಯ್ತು ಎಂಬ ಒಂದು ಪದ ನಾಲಿಗೆಯ ತುದಿಯವರೆಗೆ ಬಂತು. ಹೊರಗೆ ಬಿದ್ದದ್ದು ಬೇರೆ. "ಆ ಗಂಟು ಸರಿಯಿಲ್ಲ, ದಾರೀಲಿ ಬಿಚ್ಚುತ್ತೆ," ಎಂದು ಹೇಳಿ ಬೈಕು ತಿರುಗಿಸಿಕೊಂಡು ಬಂದ.

ಇದಾಗಿ ಏಳು ವರ್ಷ. ಈಗ ಅವನ ಕೈಯಲ್ಲಿ ಹನ್ನೊಂದು ಕಟ್ಟಡಗಳ ಕರಾರು. ಕೂಗಿಗೆ ಕೂಗು ಕೊಡಲು ಸಂಬಳದ ಆಳಿದ್ದಾನೆ, ಆದರೆ ಒಬ್ಬನೂ ಒಂದು ವರ್ಷಕ್ಕಿಂತ ಹೆಚ್ಚು ಅವನ ಬಾಯಿ ತಾಳಿಲ್ಲ. ಆ ಭಾನುವಾರದ ಕೂಲಿಯೆಂದು ಆಗಲೇ ಹೆಂಡತಿಯ ಕೈಲಿ ಕಳಿಸಿದ್ದ ಹಣ ಮೂರು ದಿನಕ್ಕೆ ಮನಿಯಾರ್ಡರಿನಲ್ಲಿ ವಾಪಸು ಬಂದಿತ್ತು. ಸಂದೇಶದ ಜಾಗದಲ್ಲಿ "ಅತ್ತಿಗೆಗೆ ನಮಸ್ಕಾರ" ಎಂದು ಮಾತ್ರ ಇತ್ತು. ಇವನ ಹೆಸರೇ ಇಲ್ಲ. ಅದನ್ನು ನೋಡಿ ಒಂದು ವಾರ ಕೂಗಾಡಿದ.

ಜೋಡಿಯ ನಂಬರು ಹೆಂಡತಿಯ ಫೋನಿನಲ್ಲಿದೆ. "ಒಂದ್ಸಲ ಮಾತಾಡ್ರೀ," ಎಂದು ಅವಳು ಈಗಲೂ ಹೇಳುತ್ತಾಳೆ. "ಮೊದಲು ಅವನು ಮಾಡ್ಲಿ. ಮೀಟಿಂಗಲ್ಲಿ ಬಾಯಿ ಮುಚ್ಕೊಂಡು ಕೂತವನು ಅವನು," ಎನ್ನುತ್ತಾನೆ ಇವನು. ಅವಳು ಹೊಲಿಗೆ ನಿಲ್ಲಿಸಿ ಅವನ ಮುಖ ನೋಡುತ್ತಾಳೆ. ಆಗ ಅವನಿಗೆ ತಟ್ಟನೆ ಯಾವುದೋ ಕಟ್ಟಡದ ಕೆಲಸ ನೆನಪಾಗುತ್ತದೆ. ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಾನೆ. ಆ ಭಾನುವಾರದ ಋಣ ಇನ್ನೂ ತೀರಿಲ್ಲ.